ಬೋರಿಂಗು ಆಗಾಗ ಕೆಡುತ್ತದೆ

ನೀರಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಮೊದಲು ಕೇಳುವುದು, ಆ ಕಾಲದಲ್ಲಿ ಎಷ್ಟು ಆಳದಿಂದ ಪೈಪು ಎತ್ತುತ್ತಿದ್ದಿರಿ ಎಂದು. ಬಹಳ ಎತ್ತಿದ್ದೇವೆ. ಈಗಲೂ ಮೋಡ ಕವಿದರೆ ನನ್ನ ಬಲಭುಜ ಆ ಲೆಕ್ಕ ಒಪ್ಪಿಸುತ್ತದೆ. ಆದರೆ ನನಗೆ ಪೈಪಿಗಿಂತ ಭಾರವಾಗಿದ್ದು ದೂರಿನ ರಿಜಿಸ್ಟರಿನಲ್ಲಿದ್ದ ಒಂದು ಕಾಲಂ. ‘ಎಷ್ಟು ಸಲ ಕೆಡುತ್ತದೆ’ ಎಂದು ಅದರ ತಲೆಯ ಮೇಲೆ ಅಚ್ಚಾಗಿತ್ತು. ಅದರ ಕೆಳಗೆ ನನ್ನ ಕೈಯಿಂದ ಹೆಚ್ಚು ಬಿದ್ದ ಪದ ‘ಆಗಾಗ’. ಹತ್ತು ವರ್ಷ ಬರೆದೆ. ಅದರ ಅರ್ಥವೇನು ಎಂದು ಒಬ್ಬ ಹೆಣ್ಣುಮಗಳು ಹೇಳಿಕೊಡುವವರೆಗೆ ನನಗೆ ಗೊತ್ತಿರಲಿಲ್ಲ.

ಕೈಪಂಪಿಗೆ ನಮ್ಮ ಕಡೆ ಬೋರಿಂಗು ಎನ್ನುತ್ತಾರೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೋರಿಂಗು ರಿಪೇರಿ ಮಾಡುವ ಗ್ಯಾಂಗಿಗೆ ಸೇರಿದೆ. ಒಂದು ಹಳೇ ಜೀಪು, ಪೈಪು ಎತ್ತಲು ಮೂರು ಕಾಲಿನ ಒಂದು ಕಬ್ಬಿಣದ ಕುದುರೆ, ಹಗ್ಗ, ನಟ್ಟು ಬಿಚ್ಚುವ ಪಾನಾಗಳ ಚೀಲ, ನಾಲ್ಕು ಜನ. ಈ ಸರಂಜಾಮಿನಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯ ಹಳ್ಳಿಗಳನ್ನು ಸುತ್ತಬೇಕು. ಜೀಪು ನಡೆದರೆ ನಾವು ಜೀಪಿನಲ್ಲಿ, ಇಲ್ಲದಿದ್ದರೆ ನಾವು ಜೀಪನ್ನು ತಳ್ಳುತ್ತ. ಭರ್ತಿಯ ದಿನ ಯಾವುದು, ಯಾವಾಗ ಕಾಯಂ ಆದೆ ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನನ್ನ ಉಸ್ತಾದ ಬಸಣ್ಣ. ಗ್ಯಾಂಗಿನ ಹಿರಿಯ ಮಿಸ್ತ್ರಿ. ಪೈಪಿಗೆ ಕಿವಿಯಿಟ್ಟು ಕೆಳಗಿನ ವಾಷರು ಹರಿದಿದೆಯೋ ಸವೆದಿದೆಯೋ ಹೇಳುವಷ್ಟು ನುರಿತವನು. ಸೇರಿದ ಮೊದಲ ವಾರ ಅವನು ನನಗೆ ಪಾನಾ ಹಿಡಿಯುವುದನ್ನು ಕಲಿಸಲಿಲ್ಲ, ರಿಜಿಸ್ಟರು ಬರೆಯುವುದನ್ನು ಕಲಿಸಿದ. ನಾನು ನಾಲ್ಕಕ್ಷರ ಓದಿದ್ದೆ, ಅವನಿಗೆ ಅಕ್ಷರದ ಹಂಗಿರಲಿಲ್ಲ.

“ಲೇ ಮೌಲಾ, ಅವ್ರು ಹಮೇಶಾ ಕೆಡತೈತಿ ಅಂದ್ರ ನೀ ಆಗಾಗ ಅಂತ ಬರಿ. ಆಗಾಗ ಅಂದ್ರ ಒಂದೊಂದ್ ಸಲ ಅಂತ ಬರಿ. ಒಂದೊಂದ್ ಸಲ ಅಂದ್ರ ಅವ್ರ ಮನ್ಯಾಗ ಚಾ ಕುಡದು ಎದ್ದು ಬಾ.”

ಇದು ಅವನ ಕುಚೋದ್ಯವೆಂದು ನಾನು ನಕ್ಕೆ. ಆದರೆ ಅದು ನಮ್ಮ ಕೆಲಸದ ನಿಜವಾದ ಕಾನೂನಾಗಿತ್ತು. ದೂರು ಹೇಳುವವರು ಒಂದು ಮೆಟ್ಟಿಲು ಏರಿಸಿ ಹೇಳುತ್ತಿದ್ದರು, ಹಾಗೆ ಹೇಳದಿದ್ದರೆ ಸರಕಾರದ ಕಿವಿಗೆ ಬೀಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಬರೆಯುವ ನಾವು ಒಂದು ಮೆಟ್ಟಿಲು ಇಳಿಸಿ ಬರೆಯುತ್ತಿದ್ದೆವು, ಅವರು ಏರಿಸಿ ಹೇಳುತ್ತಾರೆಂದು ನಮಗೆ ಗೊತ್ತಿತ್ತು. ಕಚೇರಿಯಲ್ಲಿ ಗುಮಾಸ್ತ ಗುಂಡೇರಾಯರು ಓದುವಾಗ ಮತ್ತೆ ಸರಿಹೊಂದಿಸಿಕೊಳ್ಳುತ್ತಿದ್ದರು. ಹೀಗೆ ಮೂವರೂ ಸುಳ್ಳು ಹೇಳಿ ಕೊನೆಗೆ ನಿಜದ ಹತ್ತಿರ ಹತ್ತಿರ ಬಂದು ನಿಲ್ಲುತ್ತಿದ್ದೆವು. ಯಾರಿಗೂ ಬೇಸರವಿರಲಿಲ್ಲ.

ನಾನು ಮಾತ್ರ ಸ್ವಲ್ಪ ಕೆದಕುವ ಸ್ವಭಾವದವನು. ಜನ ‘ಆಗಾಗ’ ಎಂದರೆ ಎಷ್ಟು ಎಂದು ಕೇಳದೆ ಬಿಡುತ್ತಿರಲಿಲ್ಲ. ತುರ್ವಿಹಾಳದ ಆಚೆ ಕಾಲುವೆ ಪಕ್ಕದ ಒಂದು ಕ್ಯಾಂಪಿನಲ್ಲಿ, ಆಂಧ್ರದಿಂದ ಬಂದು ಭತ್ತ ಬೆಳೆಯುತ್ತಿದ್ದ ಸುಬ್ಬಾರಾಯುಡು ಎಂಬ ಹಿರಿಯರು ನನ್ನನ್ನು ಕಂಡಾಗಲೆಲ್ಲ ಬೋರಿಂಗು “ಅಪ್ಪುಡಪ್ಪುಡು” ಕೆಡುತ್ತದೆ ಎನ್ನುತ್ತಿದ್ದರು. ತೆಲುಗಿನ ಆಗಾಗ. ಹಾಗೆಂದರೆ ಯಾವಾಗ ಎಂದರೆ ಎರಡೂ ಕೈ ತಿರುಗಿಸಿ ತೋರಿಸುತ್ತಿದ್ದರು. ಎರಡು ವರ್ಷ ಹೋಗಿಬಂದ ಮೇಲೆ ಹೊಳೆಯಿತು. ಕಾಲುವೆಯಲ್ಲಿ ನೀರು ಇರುವಷ್ಟು ದಿನ ಕ್ಯಾಂಪಿನವರು ಬೋರಿಂಗಿನ ಹಿಡಿ ಮುಟ್ಟುತ್ತಿರಲಿಲ್ಲ. ಆಗ ವಾಷರು ಚರ್ಮದ್ದು. ತಿಂಗಳುಗಟ್ಟಲೆ ನೀರು ಏರದಿದ್ದರೆ ಒಣಗಿ ಬಿರಿಯುತ್ತಿತ್ತು. ಬೇಸಿಗೆಯಲ್ಲಿ ಕಾಲುವೆ ನಿಂತ ಮರುದಿನ ಎಲ್ಲರೂ ಕೊಡ ಹಿಡಿದು ಓಡಿಬಂದು ಹೊಡೆದರೆ ಬೋರಿಂಗು ಬರೀ ಗಾಳಿ ಉಗುಳುತ್ತಿತ್ತು. ಅವರ ಅಪ್ಪುಡಪ್ಪುಡು ವರ್ಷಕ್ಕೆ ಒಂದೇ ಸಲ, ಅದೂ ಗೊತ್ತಾದ ವಾರದಲ್ಲಿ. ವಾರಕ್ಕೊಂದು ದಿನವಾದರೂ ಹತ್ತು ಕೊಡ ಹೊಡೆಯಿರಿ ಎಂದೆ. ಮರುವರ್ಷ ಅವರ ದೂರು ಬರಲಿಲ್ಲ, ಒಂದು ಚೀಲ ಅಕ್ಕಿ ಬಂತು.

ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ಇದಕ್ಕೂ ಚಂದದ ಪ್ರಕರಣ. ಗಣಿಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ಖಾಸಿಂ ಅಲಿ ಎಂಬವರ ಮನೆ ಕಾಲೊನಿಯ ಹೊರಗಿನ ಓಣಿಯಲ್ಲಿತ್ತು, ಮನೆಯೆದುರೇ ಬೋರಿಂಗು. ಸರಿಯಾಗಿ ಮೂರು ವಾರಕ್ಕೊಮ್ಮೆ ಅವರ ಪತ್ರ ಬರುತ್ತಿತ್ತು. ಬೋರಿಂಗು ಕಿರುಗುಟ್ಟುತ್ತದೆ, ಕೂಡಲೇ ಬರಬೇಕು. ಬಸಣ್ಣನಿಗೇ ಇದು ಬಿಡಿಸಲಾರದ ಒಗಟಾಯಿತು. ಮೂರು ವಾರಕ್ಕೊಮ್ಮೆ ಗಡಿಯಾರದ ಹಾಗೆ ಕೆಡುವ ಯಂತ್ರವನ್ನು ಅವನು ಕಂಡಿರಲಿಲ್ಲ. ನಾನೂ ಖಾಸಿಂ ಸಾಹೇಬರೂ ನಮ್ಮಿಬ್ಬರ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಮಾತಿಗೆ ಕೂತಾಗ ಅವರು ಬಾಯಿ ಬಿಟ್ಟರು. ಮೂರು ವಾರಕ್ಕೊಮ್ಮೆ ಅವರಿಗೆ ರಾತ್ರಿ ಪಾಳಿ. ಆ ವಾರ ಹಗಲು ಮಲಗಬೇಕು. ಬೋರಿಂಗು ವರ್ಷವಿಡೀ ಕಿರುಗುಟ್ಟುತ್ತಿತ್ತು, ಅವರ ಕಿವಿಗೆ ಬೀಳುತ್ತಿದ್ದದ್ದು ಆ ವಾರ ಮಾತ್ರ. ಬೇರಿಂಗಿಗೆ ಗ್ರೀಸು ಮೆತ್ತಿ ಬಂದೆವು. ರಿಜಿಸ್ಟರಿನಲ್ಲಿ ನಾನು ‘ಮೂರು ವಾರಕ್ಕೊಮ್ಮೆ’ ಎಂದು ಬರೆದಿದ್ದನ್ನು ಗುಂಡೇರಾಯರು ಹೊಡೆದುಹಾಕಿ ‘ಆಗಾಗ’ ಮಾಡಿದರು. ಕಾಲಂನಲ್ಲಿ ಅಷ್ಟು ಜಾಗವಿಲ್ಲ ಎಂಬುದು ಅವರ ಕಾರಣ.

ನನ್ನ ತಪ್ಪುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಓದುವವರಿಗೆ ಉಪಯೋಗವಿಲ್ಲ. ಗೊರೇಬಾಳದಲ್ಲಿ ಒಂದು ಮಧ್ಯಾಹ್ನ ಪೈಪು ಇಳಿಸುವಾಗ ಕ್ಲಾಂಪಿನ ಬೋಲ್ಟು ಬಿಗಿಮಾಡಲು ಮರೆತೆ. ಪಕ್ಕದ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಹಾಡುತ್ತಿದ್ದರು, ನನ್ನ ಲಕ್ಷ್ಯ ಅತ್ತ ಹೋಯಿತು. ಏಳು ಪೈಪು ಸರ್ರನೆ ಜಾರಿ ಪಾತಾಳ ಸೇರಿದವು. ಹಾಡು ನಿಂತಿತು. ಬಸಣ್ಣ ಬೈಯಲಿಲ್ಲ, ತಲೆಯ ಮೇಲಿನ ಟವೆಲ್ಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. ಅದು ಬೈಗುಳಕ್ಕಿಂತ ಕೆಟ್ಟದ್ದು. ಎರಡು ದಿನ ಕೊಕ್ಕೆ ಇಳಿಬಿಟ್ಟು ಮೀನು ಹಿಡಿದಂತೆ ಹಿಡಿದು ಮೇಲೆತ್ತಿದೆವು. ಆಗಿದ್ದ ಮೇಲಧಿಕಾರಿಗಳು, ಇಂಥದ್ದು ಎಷ್ಟು ಸಲ ಆಗುತ್ತದೆ ಎಂದು ಕೇಳಿದರು. ಅಪರೂಪಕ್ಕೊಮ್ಮೆ ಎಂದು ಬಸಣ್ಣ ಹೇಳಿದ. ಆ ತಿಂಗಳಲ್ಲಿ ಅದು ಎರಡನೆಯದು. ಮೊದಲನೆಯದು ಅವನದೇ.

ಬಸಣ್ಣ ನಿವೃತ್ತನಾದ. ನಾನು ಮಿಸ್ತ್ರಿಯಾದೆ. ತೊಂಬತ್ತರ ದಶಕ ಶುರುವಾದ ಹೊತ್ತಿಗೆ ಮೈಸೂರಿನ ಕಡೆಯಿಂದ ಒಬ್ಬ ಇಂಜಿನಿಯರು ನಮ್ಮ ಕಚೇರಿಗೆ ವರ್ಗವಾಗಿ ಬಂದರು. ಹೆಸರು ನಂಜುಂಡಯ್ಯ. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಪ್ರಾಮಾಣಿಕರು. ಅದೇ ತೊಂದರೆ. ಬಂದ ತಿಂಗಳೇ ನಮ್ಮ ರಿಜಿಸ್ಟರುಗಳನ್ನು ತರಿಸಿ ಒಂದಿಡೀ ದಿನ ಓದಿ, ಸಂಜೆಗೆ ನನ್ನನ್ನು ಕರೆದು, ಈ ಆಗಾಗ ಅಂದರೆ ಎಷ್ಟು ಎಂದು ಕೇಳಿದರು. ನಾನು ಕ್ಯಾಂಪಿನ ಸುಬ್ಬಾರಾಯುಡು ಅವರಂತೆ ಎರಡೂ ಕೈ ತಿರುಗಿಸಿದೆ. ಅವರಿಗೆ ಕೈಯ ಭಾಷೆ ತಿಳಿಯಲಿಲ್ಲ.

ಹೊಸ ನಮೂನೆ ಅಚ್ಚಾಗಿ ಬಂತು. ಬರೆಯುವ ಕಾಲಂ ಹೋಗಿ ಮೂರು ಚೌಕಗಳು ಬಂದವು. ಅಪರೂಪ, ಆಗಾಗ, ಪದೇಪದೇ. ಒಂದಕ್ಕೆ ಗುರುತು ಹಾಕಬೇಕು. ಅಪರೂಪವಾದರೆ ಸರದಿಯಂತೆ ರಿಪೇರಿ. ಆಗಾಗ ಆದರೆ ಬೇಗ ರಿಪೇರಿ. ಪದೇಪದೇ ಆದರೆ ಆ ಕೊಳವೆಬಾವಿಯೇ ಸರಿಯಿಲ್ಲ ಎಂದರ್ಥ, ಅದರ ಮೇಲೆ ಇನ್ನು ಸಾಮಾನು ದಂಡ ಮಾಡದೆ ಪಂಪು ಕಳಚಿ ತಂದು ಬೇರೆ ಊರಿಗೆ ಹಾಕುವುದು. ಕಾಗದದ ಮೇಲೆ ನೋಡಿದರೆ ಒಳ್ಳೆಯ ಪದ್ಧತಿಯೇ. ಸಾಮಾನಿಗೆ ಆಗ ಬಹಳ ಬರ. ಮೂರನೇ ಚೌಕದ ಅರ್ಥವನ್ನು ಸಾಹೇಬರು ನಮಗೆ ಒಂದು ಸಭೆಯಲ್ಲಿ ಹೇಳಿದ್ದರಂತೆ. ನಾನು ಆ ಸಭೆಯಲ್ಲಿದ್ದೆ, ಹಿಂದಿನ ಸಾಲಿನಲ್ಲಿ, ಊಟವಾದ ಮೇಲೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ಮಸ್ಕಿಯಿಂದ ಲಿಂಗಸುಗೂರಿನ ಕಡೆ ಹೋಗುವಾಗ ಡಾಂಬರು ಬಿಟ್ಟು ಒಳಗೆ ಹೊರಳಿದರೆ ಇಪ್ಪತ್ತು ಮನೆಗಳ ಒಂದು ದೊಡ್ಡಿ ಇತ್ತು. ದೊಡ್ಡಿ ಎಂದರೆ ಊರಿನಿಂದ ದೂರ, ಹೊಲಗಳ ನಡುವೆ ಇರುವ ಸಣ್ಣ ವಸ್ತಿ. ಕಾಲುವೆ ಆ ಕಡೆ ಹೋಗಿಲ್ಲ. ಇಡೀ ದೊಡ್ಡಿಗೆ ಒಂದೇ ಬೋರಿಂಗು. ಅದು ಕೆಟ್ಟರೆ ಹೆಂಗಸರು ಹಳ್ಳಕ್ಕೆ ಹೋಗಿ, ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಂಡು ಬರಬೇಕು. ಹೋಗಿಬರಲು ಒಂದು ತಾಸು.

ಅಲ್ಲಿ ಹುಲಿಗೆಮ್ಮ ಎಂಬ ಹೆಣ್ಣುಮಗಳಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಗಂಡ ತೀರಿಕೊಂಡಿದ್ದ, ಕೂಲಿ ಮಾಡಿ ಒಬ್ಬ ಮಗಳನ್ನು ಬೆಳೆಸಿ ಮದುವೆ ಮಾಡಿಕೊಟ್ಟಿದ್ದಳು. ನಮ್ಮ ಜೀಪಿನ ಸದ್ದು ಕೇಳಿದರೆ ಮೊದಲು ಬಂದು ಹಗ್ಗ ಹಿಡಿಯುತ್ತಿದ್ದವಳು ಅವಳೇ. ನಮ್ಮ ಗ್ಯಾಂಗಿನ ಇಬ್ಬರು ಗಂಡಸರಿಗಿಂತ ಅವಳ ಎಳೆತ ಗಟ್ಟಿ.

ಆ ಸಲ ವಾಷರು ಬದಲಿಸಿ ನೀರು ಬರುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಹುಲಿಗೆಮ್ಮ ನಮ್ಮನ್ನು ಕೂಡಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಹಾಕಿದಳು. ಊಟದ ನಡುವೆ ಮಗಳ ಮಾತು ತೆಗೆದಳು. ಮಗಳು ಈರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಬಾಣಂತಿಗೆ, ಕೂಸಿಗೆ ದಿನಾ ಎರೆಯಬೇಕು, ಬಟ್ಟೆ ಒಗೆಯಬೇಕು. ಆ ದಿನಗಳಲ್ಲಿ ಬೋರಿಂಗು ಕೈಕೊಟ್ಟರೆ ತಾನು ಮನೆಯಲ್ಲಿ ಬಾಣಂತಿಯನ್ನು ನೋಡುವುದೋ, ಹಳ್ಳಕ್ಕೆ ಹೋಗುವುದೋ ಎಂಬುದು ಅವಳ ಚಿಂತೆ. ಮುಂದೆ ಕೆಟ್ಟರೆ ಬೇಗ ಬರುವಂತೆ ಏನಾದರೂ ಜೋರಾಗಿ ಬರೆಯಿರಿ ಎಂದಳು.

“ಪದೇಪದೇ ಕೆಡತೈತಿ ಅಂತ ಬರೀರಿ ಅಣ್ಣ. ನೀವು ಬರದ್ರ ಸಾಹೇಬ್ರು ಕೇಳ್ತಾರ.”

ನೀವು ಬರೆದರೆ ಸಾಹೇಬರು ಕೇಳುತ್ತಾರೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿಯಂತೂ ಹೇಳಿರಲಿಲ್ಲ. ಇಷ್ಟು ವರ್ಷ ಮೆಟ್ಟಿಲು ಇಳಿಸುತ್ತ ಬಂದವನು ಅಂದು ಪುಂಡಿಪಲ್ಯದ ಋಣಕ್ಕೆ ಇಳಿಸಲಿಲ್ಲ. ಅವಳ ಮಾತನ್ನು ಹೇಳಿದ ಹಾಗೇ ಇಟ್ಟು ಮೂರನೇ ಚೌಕಕ್ಕೆ ಗುರುತು ಹಾಕಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಜೀಪು ಹತ್ತಿದೆ.

ಅದಾಗಿ ಮೂರು ವಾರ ನಾನು ಸಿಂಧನೂರಿನ ಕಡೆ ಕೆಲಸದಲ್ಲಿದ್ದೆ. ವಾಪಸು ಲಿಂಗಸುಗೂರಿನ ಕಚೇರಿಗೆ ಬಂದ ದಿನ ಹುಲಿಗೆಮ್ಮ ಬಾಗಿಲ ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು. ಮುಂಜಾನೆಯ ಬಸ್ಸಿಗೆ ಬಂದವಳು, ಯಾರೂ ಒಳಗೆ ಕರೆದಿರಲಿಲ್ಲ. ನನ್ನನ್ನು ಕಂಡು ಎದ್ದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅಣ್ಣ, ನೀವು ಬರದದ್ದು ಬಾಳ ಜೋರಾತು,” ಎಂದಳು.

ಎರಡು ದಿನದ ಹಿಂದೆ ಇನ್ನೊಂದು ಗ್ಯಾಂಗು ದೊಡ್ಡಿಗೆ ಹೋಗಿತ್ತು. ಚೆನ್ನಾಗಿ ನಡೆಯುತ್ತಿರುವ ಬೋರಿಂಗಿಗೆ ಎಣ್ಣೆ ಹಾಕಲು ಬಂದಿದ್ದಾರೆಂದು ಹೆಂಗಸರು ಹಿಗ್ಗಿ ಚಾ ಮಾಡಿ ಕೊಟ್ಟಿದ್ದರು. ಬಂದವರು ಚಾ ಕುಡಿದು, ಬೋರಿಂಗನ್ನು ಬುಡಸಮೇತ ಬಿಚ್ಚಿ, ಜೀಪಿಗೆ ಹಾಕಿಕೊಂಡು, ಬಾಯಿಗೆ ಒಂದು ಕಬ್ಬಿಣದ ತಗಡು ಮುಚ್ಚಿ ಹೋಗಿದ್ದರು. ಕೇಳಿದ್ದಕ್ಕೆ ನಿಮ್ಮದು ಪದೇಪದೇ ಎಂದಿದ್ದರು. ಈರಮ್ಮ ಬಂದು ಆಗಲೇ ಎಂಟು ದಿನವಾಗಿತ್ತು, ತುಂಬಿದ ತಿಂಗಳು. ಅಮ್ಮ ಇಲ್ಲದಾಗ ಕೊಡ ಎತ್ತಿಕೊಂಡು ತಾನೇ ಹಳ್ಳಕ್ಕೆ ಹೊರಟಿದ್ದಳಂತೆ, ನೆರೆಮನೆಯವರು ತಡೆದು ಕೂಡಿಸಿದ್ದರು.

ನಾನು ಸೀದಾ ಗುಂಡೇರಾಯರ ಹತ್ತಿರ ಹೋದೆ. ಅವರು ನಮೂನೆಯನ್ನು ತಿರುಗಿಸಿ ನನ್ನ ಸಹಿಯನ್ನು ತೋರಿಸಿದರು. ಒಮ್ಮೆ ಪಟ್ಟಿಯಿಂದ ತೆಗೆದ ಪಂಪು ಹಿಂದಕ್ಕೆ ಹೋದದ್ದು ತಮ್ಮ ಸರ್ವಿಸಿನಲ್ಲಿ ಇಲ್ಲ ಎಂದರು. ಪಂಪು ಅಂಗಳದಲ್ಲೇ ಬಿದ್ದಿತ್ತು, ಹಿಡಿಯ ಮೇಲೆ ದೊಡ್ಡಿಯ ಹೆಂಗಸರು ಹಚ್ಚಿದ್ದ ಅರಿಷಿಣ ಕುಂಕುಮ ಇನ್ನೂ ಹಾಗೇ ಇತ್ತು. ಇನ್ನು ನಾಲ್ಕು ದಿನಕ್ಕೆ ಅದು ಬೇರೊಂದು ಊರಿಗೆ ಹೋಗುವುದಿತ್ತು.

ಸಾಹೇಬರ ಮುಂದೆ ನಿಂತು ಎಲ್ಲ ಬಾಯಿಬಿಟ್ಟೆ. ಏರಿಸಿ ಹೇಳುವುದು, ಇಳಿಸಿ ಬರೆಯುವುದು, ಬಸಣ್ಣನ ಪಾಠ, ಪುಂಡಿಪಲ್ಯ, ಎಲ್ಲ. ಅವರು ಪೆನ್ನು ಕೆಳಗಿಟ್ಟರು.

“ಅಂದ್ರೆ ಈ ಆಫೀಸಿನ ರಿಜಿಸ್ಟರೆಲ್ಲ ಒಂದು ಮೆಟ್ಟಿಲು ಕೆಳಗೆ ಬರೆದಿರೋದಾ?”

“ಹೌದ್ರಿ ಸಾಹೇಬ್ರ.”

“ಇದೊಂದು ಬಿಟ್ಟು?”

“ಇದೊಂದ್ ಬಿಟ್ಟು.”

ಅವರು ಎದ್ದು ಗೋಡೆಯ ಮೇಲಿನ ನಕ್ಷೆಯಲ್ಲಿ ದೊಡ್ಡಿ ಎಲ್ಲಿದೆ ಎಂದು ಹುಡುಕಿದರು. ಆಮೇಲೆ ಹೇಳಿದ್ದು ಇಷ್ಟು. ನಾಳೆ ತಾವೇ ಬಂದು ಕೇಳುತ್ತಾರೆ. ಊರಿನವರು ಆಗಾಗ ಎಂದರೆ ಪಂಪು ವಾಪಸು, ತಪ್ಪು ಬರೆದದ್ದಕ್ಕೆ ನನಗೆ ಮೆಮೊ. ಪದೇಪದೇ ಎಂದರೆ ತಮ್ಮಿಂದ ಏನೂ ಮಾಡಲಾಗುವುದಿಲ್ಲ. ನಾನು ಮೆಮೊ ಖುಷಿಯಿಂದ ಒಪ್ಪಿಕೊಂಡು ಹೊರಗೆ ಬಂದೆ. ಹುಲಿಗೆಮ್ಮನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸುತ್ತ ದಾರಿಯುದ್ದಕ್ಕೂ ಪಾಠ ಹೇಳಿದೆ. ಸಾಹೇಬರು ಕೇಳುವುದು ಒಂದೇ ಪ್ರಶ್ನೆ, ಉತ್ತರ ಒಂದೇ ಮಾತು, ಆಗಾಗ. ಅದರ ಹಿಂದೆ ಮುಂದೆ ಒಂದಕ್ಷರ ಬೇಡ. ಅವಳು ಹ್ಞೂಂ ಎಂದಳು. ಮೂರು ಸಲ ಹೇಳಿಸಿದೆ. ಮೂರೂ ಸಲ ಸರಿಯಾಗಿ ಹೇಳಿದಳು.

ಮರುದಿನ ಬೆಳಿಗ್ಗೆ ಜೀಪು ದೊಡ್ಡಿಗೆ ಮುಟ್ಟಿದಾಗ ತಗಡು ಮುಚ್ಚಿದ ಕಟ್ಟೆಯ ಮೇಲೆ ಒಂದು ಆಡು ಮಲಗಿತ್ತು. ಹುಲಿಗೆಮ್ಮ ಆಗತಾನೇ ಹಳ್ಳದಿಂದ ಬಂದಿದ್ದಳು, ಸೀರೆಯ ನೆರಿಗೆಯೆಲ್ಲ ಮರಳು. ಬಾಗಿಲ ನೆರಳಲ್ಲಿ ಈರಮ್ಮ ಎರಡೂ ಕೈ ಹಿಂದಕ್ಕೆ ಊರಿ ಕುಳಿತಿದ್ದಳು. ಹೆಂಗಸರು ಸೇರಿದರು. ಸಾಹೇಬರು ಫೈಲು ತೆರೆದು, ಬೋರಿಂಗು ಎಷ್ಟು ಸಲ ಕೆಡುತ್ತಿತ್ತಮ್ಮ ಎಂದು ಕೇಳಿದರು.

ಹುಲಿಗೆಮ್ಮ ನನ್ನ ಕಡೆ ನೋಡಿದಳು. ನಾನು ತುಟಿಯಲ್ಲೇ ‘ಆಗಾಗ’ ಎಂದೆ. ಅವಳು ಮುಖ ತಿರುಗಿಸಿದಳು.

“ಪದೇಪದೇ ರೀ,” ಎಂದಳು.

ನಾನು ಜೀಪಿನ ಹಿಂದೆ ಹೋಗಿ ನಿಂತೆ. ಅಲ್ಲಿಂದಲೂ ಎಲ್ಲ ಕೇಳಿಸುತ್ತಿತ್ತು. ಸಾಹೇಬರು ನನ್ನ ಕೆಲಸದ ಡೈರಿಯನ್ನು ನೋಡಿ ಗುರುತು ಮಾಡಿಕೊಂಡು ಬಂದಿದ್ದರು. ಮೂರು ವರ್ಷದಲ್ಲಿ ಈ ಪಂಪು ನಾಲ್ಕು ಸಲ ಮಾತ್ರ ರಿಪೇರಿಯಾಗಿದೆ, ನಾಲ್ಕು ಸಲಕ್ಕೆ ಯಾರಾದರೂ ಪದೇಪದೇ ಅನ್ನುತ್ತಾರೆಯೇ ಎಂದರು. ಗದರಿಕೆಯಿಂದ ಕೇಳಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ನಿಮಗ ನಾಕ ಸಲ ಸಾಹೇಬ್ರ,” ಎಂದಳು ಹುಲಿಗೆಮ್ಮ. “ಕೆಟ್ಟತಿ ಅಂತ ಒಂದ್ ಸಲ ಬರ್ಕೊಂಡ್ರಿ, ನಿಮ್ದು ಮುಗೀತು. ನಮಗ ಅವತ್ತಿಂದ ನೀವು ಬರೋತನ ದಿನಾ ಮುಂಜಾನಿ ಕೆಟ್ಟಂಗ ಆಕ್ಕತಿ. ಕೊಡ ಎತ್ತಿದಾಗೊಮ್ಮೆ ಕೆಟ್ಟಂಗ. ಆಗಾಗ ಅನ್ನು ಅಂತ ಅಣ್ಣಾರು ನಿನ್ನಿ ಹೇಳಿಕೊಟ್ಟಾರ. ಬಾಯಿ ಬರವಲ್ದು.”

ನನ್ನ ಮೆಮೊ ಎರಡಾಯಿತು ಎಂದುಕೊಂಡೆ. ಆದರೆ ಸಾಹೇಬರು ನನ್ನತ್ತ ನೋಡಲೂ ಇಲ್ಲ. ಫೈಲಿನಲ್ಲಿ ದೊಡ್ಡಿಯವರು ಬರೆಸಿ ಹಾಕಿದ್ದ ಹಳೆಯ ಅರ್ಜಿಗಳಿದ್ದವು. ಅವನ್ನು ಹುಡುಕಿ ತೆಗೆದು, ಆಡನ್ನು ಎಬ್ಬಿಸಿ, ಇಸ್ತ್ರಿ ಪ್ಯಾಂಟಿನಲ್ಲೇ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕತೊಡಗಿದರು. ಅರ್ಜಿ ಬಂದ ದಿನ, ನಾವು ಹೋದ ದಿನ. ಮೊದಲ ಸಲ ಇಪ್ಪತ್ತಾರು ದಿನದ ಅಂತರ. ಎರಡನೇ ಸಲ ಮೂವತ್ತೊಂದು. ಮೂರನೇ ಸಲ ನಮ್ಮ ಜೀಪು ಗ್ಯಾರೇಜಿನಲ್ಲಿತ್ತು, ನಲವತ್ತು ದಾಟಿತು. ನಾಲ್ಕನೆಯದೂ ತಿಂಗಳಿಗೆ ಕಡಿಮೆ ಇರಲಿಲ್ಲ. ನನ್ನ ಡೈರಿಯಲ್ಲಿ ಹೋದ ದಿನ ಮಾತ್ರ ಇತ್ತು, ನಾನು ಆ ಇನ್ನೊಂದು ತಾರೀಖನ್ನು ಒಮ್ಮೆಯೂ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಮನೆಗೆ ದಿನಕ್ಕೆ ಎಷ್ಟು ಕೊಡ ಬೇಕು ಎಂದು ಕೇಳಿದರು. ಎಂಟು ಎಂದು ಹುಲಿಗೆಮ್ಮ ಹೇಳಿದಳು, ಬಾಣಂತಿ ಇದ್ದರೆ ಇನ್ನೂ ನಾಲ್ಕು. ಸಾಹೇಬರು ಗುಣಿಸಲು ಶುರುಮಾಡಿ ನಡುವೆ ನಿಲ್ಲಿಸಿ ಪೆನ್ನಿಗೆ ಟೋಪಿ ಹಾಕಿದರು.

ಇಷ್ಟು ವರ್ಷ ಆಗಾಗ ಎಂದರೆ ಎಷ್ಟು ಎಂದು ಊರೂರು ಕೇಳಿದವನು ನಾನು. ಎಲ್ಲಿ ನಿಂತು ಎಣಿಸುತ್ತಿದ್ದೇನೆ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಕ್ಯಾಂಪಿನ ಹಿರಿಯರನ್ನು, ಹಟ್ಟಿಯ ಖಾಸಿಂ ಸಾಹೇಬರನ್ನು ನೆನೆದು ನಕ್ಕದ್ದೆಲ್ಲ ಅಂದು ನನ್ನ ಮೇಲೇ ಬಿತ್ತು. ನಾನು ಅವರಿಗಿಂತ ಕಡೆ, ಅವರಾದರೂ ತಮ್ಮ ಕಿವಿಗೆ ಕೇಳಿಸಿದ್ದನ್ನು ಎಣಿಸಿದ್ದರು. ನಾನು ಬರೀ ನನ್ನ ಜೀಪಿನ ಚಕ್ರ ಎಣಿಸಿದ್ದೆ. ಬಹಳ ನಾಚಿಕೆಯಾಯಿತು.

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ತಪಾಸಣೆಯ ಟಿಪ್ಪಣಿ ಬರೆದರು. ಗುಂಡೇರಾಯರು ಅದನ್ನು ಆಮೇಲೆ ಎಷ್ಟೋ ಜನರಿಗೆ ಓದಿ ತೋರಿಸಿದರು. ‘ಪಂಪು ಕೆಡುವುದು ಅಪರೂಪ. ನಾವು ಬರುವುದು ಅದಕ್ಕಿಂತ ಅಪರೂಪ. ಪಂಪನ್ನು ಕೂಡಲೇ ಸ್ವಸ್ಥಾನದಲ್ಲಿ ಜೋಡಿಸತಕ್ಕದ್ದು.’

ಅಂದೇ ಮಧ್ಯಾಹ್ನ ಪಂಪು ಹೇರಿಕೊಂಡು ಹೋದೆವು. ಹುಲಿಗೆಮ್ಮ ಹಗ್ಗ ಹಿಡಿದಳು. ಸಾಹೇಬರೂ ಹಿಡಿದರು, ಅಂಗಿಗೆ ಗ್ರೀಸು ಹತ್ತಿತು, ಒಂದು ವಾರ ಅದೇ ಕಲೆಯ ಅಂಗಿಯಲ್ಲಿ ಓಡಾಡಿದರು. ನೀರು ಬಂದ ಮೂರನೇ ದಿನ ಈರಮ್ಮ ಹೆಣ್ಣುಕೂಸು ಹಡೆದಳು. ನನಗೆ ಮೆಮೊ ಬಂತು. ಒಂದೇ. ದೂರುದಾರರಿಗೆ ಮಾತು ಹೇಳಿಕೊಡಬಾರದು, ಅವರು ಹೇಳಿದ್ದನ್ನು ಹೇಳಿದಂತೆ ಬರೆಯಬೇಕು ಎಂದಿತ್ತು. ಮೂರು ಚೌಕದ ನಮೂನೆಯನ್ನು ಸಾಹೇಬರೇ ಕಟ್ಟುಕಟ್ಟಿ ಅಟ್ಟಕ್ಕೆ ಹಾಕಿಸಿದರು. ಹೊಸದರಲ್ಲಿ ಎರಡು ತಾರೀಖಿಗೆ ಜಾಗ, ಕೆಟ್ಟ ದಿನ, ಸರಿಯಾದ ದಿನ. ಅದನ್ನು ತುಂಬುವ ಮೊದಲು ನಾವು ಎರಡೆರಡು ಸಲ ತಾಳೆ ನೋಡುತ್ತಿದ್ದೆವು, ಏಕೆಂದರೆ ಅದು ಪಂಪಿನ ಲೆಕ್ಕಕ್ಕಿಂತ ನಮ್ಮ ಲೆಕ್ಕ.

ಆಮೇಲೆ ಪದ್ಧತಿಗಳು ಬದಲಾದವು. ಚರ್ಮದ ವಾಷರು ಹೋಗಿ ರಬ್ಬರಿನದು ಬಂತು. ಪೈಪು ಎತ್ತದೆ ಒಳಗಿನ ರಾಡನ್ನಷ್ಟೇ ಎಳೆದು ವಾಷರು ಬದಲಿಸುವ ಪಂಪು ಬಂತು. ಅದರಲ್ಲಿ ಮೊದಲನೆಯದನ್ನು ಸಾಹೇಬರು ದೊಡ್ಡಿಗೆ ಹಾಕಿಸಿ, ಎರಡು ಪಾನಾ, ಒಂದು ಡಬ್ಬಿ ವಾಷರು ಹುಲಿಗೆಮ್ಮನ ಕೈಗೆ ಕೊಡಿಸಿದರು. ಸರಕಾರದ ಪಾನಾ ಹೆಂಗಸರ ಕೈಗೆ ಕೊಡುವುದೇ ಎಂದು ಕಚೇರಿಯಲ್ಲಿ ಗುಸುಗುಸು ನಡೆಯಿತು. ಸುಳ್ಳೇಕೆ, ನಾನೂ ಒಂದಿಷ್ಟು ಗೊಣಗಿದೆ. ಎರಡು ದಿನ ಕೂತು ಕಲಿಸಿದ್ದೂ ನಾನೇ. ಹುಲಿಗೆಮ್ಮ, ಈರಮ್ಮ, ಇನ್ನೂ ಮೂವರು ಕಲಿತರು. ನನಗೆ ಬಸಣ್ಣ ಆರು ತಿಂಗಳಿಗೆ ಕಲಿಸಿದ್ದು ಅವರಿಗೆ ಎರಡೇ ದಿನ ಸಾಕಾಯಿತು.

ಸಾಹೇಬರಿಗೆ ವರ್ಗವಾಯಿತು. ಒಂದು ವರ್ಷ ಕಳೆದ ಮೇಲೆ ರಿಜಿಸ್ಟರು ತಿರುವುವಾಗ ಆ ದೊಡ್ಡಿಯಿಂದ ಒಂದೂ ದೂರು ಬಂದಿಲ್ಲವೆಂದು ಕಂಡಿತು. ನಮ್ಮ ಕೆಲಸದಲ್ಲಿ ದೂರು ನಿಂತಿತೆಂದರೆ ಹೆಚ್ಚಾಗಿ ಜನ ಆಸೆ ಬಿಟ್ಟಿದ್ದಾರೆ ಎಂದರ್ಥ. ಹೇಳಿಕಳಿಸದೆ, ಬಸ್ಸಿನಲ್ಲಿ ಹೋಗಿ ಇಳಿದು ನಡೆದೆ. ದೂರದಿಂದಲೇ ನೀರು ಬೀಳುವ ಸದ್ದು ಕೇಳಿಸಿತು. ಈರಮ್ಮ ಆ ಹೊತ್ತು ತವರಿಗೆ ಬಂದವಳು ಹಿಡಿ ಹೊಡೆಯುತ್ತಿದ್ದಳು, ಕೂಸು ಅವಳ ಕಾಲ ಬಳಿ ಹರಿಯುವ ನೀರಿಗೆ ಕೈ ಬಡಿಯುತ್ತಿತ್ತು.

ಹುಲಿಗೆಮ್ಮ ಚಾ ತಂದಳು. ಪಾನಾ ಮನೆಯ ಮಾಡದಲ್ಲಿ ದೇವರ ಪಕ್ಕದಲ್ಲಿತ್ತು, ಅದಕ್ಕೂ ಕುಂಕುಮ. ನಾನು ಹಳೇ ಚಾಳಿಯಂತೆ ರಿಜಿಸ್ಟರು ತೆಗೆದು, ಈ ವರ್ಷ ಎಷ್ಟು ಸಲ ಕೆಟ್ಟಿತು ಅಕ್ಕ ಎಂದು ಕೇಳಿದೆ. ಅವಳು ಮಗಳ ಮುಖ ನೋಡಿದಳು. ಮಗಳು ಅವಳ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ.

“ಯಾರು ಎಣಿಸ್ಯಾರ ಅಣ್ಣ?” ಎಂದಳು ಹುಲಿಗೆಮ್ಮ. “ಕೆಟ್ಟ ಹೊತ್ತಿಗೇ ಮಾಡ್ಕೊಂತೀವಿ. ನೆಪ್ಪಿಡಾಕ ಅದರಾಗ ಏನೂ ಉಳಿಯಂಗಿಲ್ಲ.”

ಕಚೇರಿಗೆ ಬಂದು ರಿಜಿಸ್ಟರು ಕೊಟ್ಟೆ. ದೊಡ್ಡಿಯ ಮುಂದೆ ತಾರೀಖಿನ ಕಾಲಂ ಖಾಲಿ ಬಿಟ್ಟಿದ್ದೀಯಲ್ಲ ಎಂದು ಗುಂಡೇರಾಯರು ಪೆನ್ನು ಚಾಚಿದರು. ಅದು ಹಾಗೇ ಇರಲಿ ಎಂದೆ, ಖಾಲಿ ಜಾಗದ ಕೆಳಗೆ ಸಹಿ ಹಾಕಿದೆ.